ಸೌಟು ತೂಗುಹಾಕದ ಬಕೆಟ್ಟು

ನಮ್ಮೂರಿನಲ್ಲಿ ಬಿಯರ್ ಮಾಡಿದ ಮೊದಲ ಮನುಷ್ಯ ನಾನು. ಕೊನೆಯವನೂ ನಾನೇ ಇರಬೇಕು, ಯಾಕೆಂದರೆ ನನ್ನ ಗತಿ ನೋಡಿದ ಮೇಲೆ ಆ ಕೆಲಸಕ್ಕೆ ಕೈಹಾಕುವ ಎದೆ ಇನ್ನೊಬ್ಬನಿಗೆ ಬರಲಾರದು. ನನ್ನ ಹೆಸರು ಭುಜಂಗ. ಪೇಟೆ ಬೀದಿಯ ಮೂಲೆಯಲ್ಲಿ, ನಮ್ಮ ಮನೆಯ ಮುಂಭಾಗದಲ್ಲೇ ಇರುವ ಭುಜಂಗ ಫೋಟೋ ಸ್ಟುಡಿಯೋ ನನ್ನದು. ಏಳು ಸೀಮೆ ಹುಡುಕಿದರೂ ನನ್ನಂಥ ಫೋಟೋಗ್ರಾಫರ್ ಸಿಗುವುದಿಲ್ಲ. ನಾನು ತೆಗೆದ ಎಮ್ಮೆಯ ಫೋಟೋ ಗೋಡೆಗೆ ಹಾಕಿದ ದಿನ ಮೂರು ಕೋಣಗಳು ಹಗ್ಗ ಕಿತ್ತುಕೊಂಡು ಅಂಗಡಿಗೆ ನುಗ್ಗಿದ್ದವು. ಸರಿ, ಒಂದು ಕೋಣ. ಅದರ ಹಗ್ಗವೂ ಮೊದಲೇ ಸಡಿಲವಾಗಿತ್ತು ಅಂತ ನಮ್ಮಕ್ಕ ಹೇಳುತ್ತಾಳೆ. ನಾನು ಸ್ವಲ್ಪ ಉಬ್ಬಿಸಿ ಹೇಳುವವನು, ಒಪ್ಪಿದೆ. ಆದರೆ ಈ ಕಥೆಯಲ್ಲಿ ಬಾಟಲಿಗಳು ಇಪ್ಪತ್ತೆಂಟು. ಅದನ್ನು ಒಂದೂ ಹೆಚ್ಚಿಸಿಲ್ಲ. ಕಡಿಮೆ ಮಾಡಬಹುದಾಗಿದ್ದರೆ ಎಂದೋ ಮಾಡುತ್ತಿದ್ದೆ.

ನಮ್ಮೂರಲ್ಲಿ ಹುಳಿ ಬರಲು ಇಟ್ಟ ಯಾವುದರ ಹತ್ತಿರವೂ ಯಾರೂ ಮಾತಾಡುವುದಿಲ್ಲ. ಹಿಟ್ಟು ರುಬ್ಬಿ ಮುಚ್ಚಿಟ್ಟ ಮೇಲೆ ಬಾಗಿಲಿಗೆ ಒಂದು ಸೌಟನ್ನು ತಲೆಕೆಳಗಾಗಿ ತೂಗುಹಾಕುತ್ತಾರೆ. ಸೌಟು ಕಂಡವರು ಮೆಟ್ಟಿಲ ಮೇಲೇ ಕೂತು ಕೈಸನ್ನೆಯಲ್ಲಿ ಯೋಗಕ್ಷೇಮ ವಿಚಾರಿಸಿ ಎದ್ದು ಹೋಗುತ್ತಾರೆ. ಹಾಗೆ ಮಾಡದಿದ್ದರೆ ಬೆಳಿಗ್ಗೆ ಕಾವಲಿಯ ಮೇಲೆ ಹಿಟ್ಟು ಬಿದ್ದ ಕೂಡಲೇ, ಚುಂಯ್ ಅನ್ನುವ ಸದ್ದಿನ ಹಿಂದೆಯೇ, ಹಿಂದಿನ ಸಂಜೆ ಆಡಿದ್ದೆಲ್ಲ ಆಡಿದವರ ದನಿಯಲ್ಲಿ ಹೊರಗೆ ಬರುತ್ತದೆ. ಒಂದೇ ಸಲ ಬರುತ್ತದೆ, ಆಮೇಲೆ ದೋಸೆ ಬರೀ ದೋಸೆ. ಆ ಒಂದು ಸಲಕ್ಕೆ ಹೆದರಿ ನಮ್ಮೂರಲ್ಲಿ ಪಕ್ಕದ ಮನೆಗೆ ಯಾರೂ ಹೆಪ್ಪು ಕೊಡುವುದಿಲ್ಲ. ಶಾಲೆಯಲ್ಲಿ ಮಕ್ಕಳು ಗಲಾಟೆ ಮಾಡಿದರೆ ಮೇಷ್ಟ್ರು ಬಾಯಿ ಮುಚ್ಚಿ ಅನ್ನುವುದಿಲ್ಲ, “ಸೌಟು ಹಾಕ್ರೋ” ಅನ್ನುತ್ತಾರೆ. ಹೆಣ್ಣು ನೋಡಲು ಬಂದವರೂ ಹೆಣ್ಣನ್ನು ಹಾಡಿಸುವುದಿಲ್ಲ, ನಡೆಸುವುದಿಲ್ಲ. ಆ ಮನೆಯ ಹಿಟ್ಟಿನಲ್ಲಿ ಮೊದಲ ದೋಸೆ ಹುಯ್ಯಿಸಿ ಕಿವಿಗೊಟ್ಟು ಕೂರುತ್ತಾರೆ. ಹಿಟ್ಟು ಕೇಳುವುದು ಅಂತ ಅದಕ್ಕೆ ಹೆಸರು. ಕೇಳಲಿ ಅಂತಲೇ ಹಿಟ್ಟಿನ ಮುಂದೆ ಕೂತು ಮಗಳ ಗುಣಗಾನ ಮಾಡಿದ ತಾಯಂದಿರಿದ್ದಾರೆ. ಅಂಥ ಮಾತು ಹಿಟ್ಟಿನಲ್ಲಿ ನಿಲ್ಲುವುದಿಲ್ಲ. ಹಿಟ್ಟು ಕೇಳುತ್ತಿಲ್ಲ ಅಂದುಕೊಂಡು ಆಡಿದ ಮಾತು ಮಾತ್ರ ನಿಲ್ಲುತ್ತದೆ.

ಇಂಥ ಊರಿನಲ್ಲಿ ನಮ್ಮಕ್ಕ ಯಮುನಕ್ಕ ಮೂಕ ದೋಸೆಗೆ ಹೆಸರಾದವಳು. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅಪ್ಪ ಅಮ್ಮ ಒಂದೇ ಜ್ವರದಲ್ಲಿ ಹೋದಾಗ ನನಗೆ ಒಂಬತ್ತು. ಅಂದಿನಿಂದ ಮನೆಯ ಪಕ್ಕದ ಜಗಲಿಯಲ್ಲಿ ದೋಸೆ ಹುಯ್ದು ನನ್ನನ್ನು ಓದಿಸಿದಳು, ಕ್ಯಾಮೆರಾ ಕೊಡಿಸಿದಳು. ಅವಳ ದೋಸೆ ಚುಂಯ್ ಅನ್ನುತ್ತದೆ, ಅಷ್ಟೇ. ಇಪ್ಪತ್ತಾರು ವರ್ಷದಲ್ಲಿ ಅವಳ ಕಾವಲಿ ಒಬ್ಬರ ಬಗ್ಗೆಯೂ ಒಂದು ಮಾತು ಆಡಿಲ್ಲ. ಮನೆಯಲ್ಲಿ ಸದಾ ಯಾವುದೋ ಒಂದು ಪಾತ್ರೆ ಹುಳಿಗೆ ಇರುತ್ತಿದ್ದುದರಿಂದ ಅವಳು ಅಡಿಗೆಮನೆಯಲ್ಲಿ ಪಿಸುಗುಡುತ್ತಲೂ ಇರಲಿಲ್ಲ. ದನಿ ಎತ್ತಿ ಮಾತಾಡಬೇಕಾದರೆ ನಡುಮನೆ ದಾಟಿ ನನ್ನ ಡಾರ್ಕ್‌ರೂಮಿನ ಬಾಗಿಲಿಗೆ ಬರುತ್ತಿದ್ದಳು. ನನಗೆ ಮದುವೆಯಾಗಿಲ್ಲ. ಹೊತ್ತು ಹೊತ್ತಿಗೆ ಬಿಸಿ ಊಟ ಸಿಗುವವನಿಗೆ ಆ ಯೋಚನೆ ಯಾಕೆ ಬರುತ್ತದೆ?

ಬಿಯರ್ ಪೆಟ್ಟಿಗೆ ಅಂಚೆಯಲ್ಲಿ ಬಂತು. ಒಂದು ಪತ್ರಿಕೆಯ ಕೊನೆಯ ಪುಟದಲ್ಲಿ ‘ಮನೆಯಲ್ಲೇ ಬಿಯರ್ ತಯಾರಿಸಿ, ನೆರೆಹೊರೆಯವರನ್ನು ಬೆರಗುಗೊಳಿಸಿ’ ಅಂತ ಜಾಹೀರಾತು ಇತ್ತು. ಬೆರಗುಗೊಳಿಸಿ ಅನ್ನುವ ಪದ ಕಂಡರೆ ಸಾಕು, ನನ್ನ ಕೈ ತಾನಾಗಿ ಕೂಪನ್ ಕತ್ತರಿಸುತ್ತದೆ. ಪೆಟ್ಟಿಗೆ ಆನೆಮರಿಯಷ್ಟಿತ್ತು. ಅದರಲ್ಲಿ ಮುಚ್ಚಳವಿದ್ದ ಬಿಳಿ ಬಕೆಟ್ಟು, ಜೋನಿಬೆಲ್ಲದಂಥ ಕಪ್ಪು ಪಾಕ ತುಂಬಿದ ಎರಡು ಡಬ್ಬಿ, ಎರಡು ಪೊಟ್ಟಣ ಯೀಸ್ಟು, ತೊಳೆಯುವ ಪುಡಿ, ರಬ್ಬರ್ ಕೊಳವೆ, ಬಾಟಲಿ ಮುಚ್ಚಳಗಳು, ಅವನ್ನು ಒತ್ತುವ ಎರಡು ಹಿಡಿಯ ಯಂತ್ರ, ಮತ್ತೆ ಬಕೆಟ್ಟಿನ ನೆತ್ತಿಗೆ ಸಿಕ್ಕಿಸಲು ಹಾವಿನಂತೆ ಬಳುಕಿದ ಒಂದು ಗಾಜಿನ ಕೊಳವೆ. ಆ ಕೊಳವೆಯಲ್ಲಿ ನೀರು ತುಂಬಿದರೆ ಒಳಗಿನ ಗಾಳಿ ಗುಳುಕ್ ಅಂತ ಹೊರಗೆ ಹೋಗುತ್ತದೆ, ಹೊರಗಿನ ಗಾಳಿ ಎಳ್ಳಷ್ಟೂ ಒಳಗೆ ಬರುವುದಿಲ್ಲ ಅಂತ ಕೈಪಿಡಿ ಹೇಳಿತು. ಆ ಸಾಲನ್ನು ನಾನು ಮೂರು ಸಲ ಓದಿದೆ. ಗಾಳಿಯೇ ಹೋಗದ ಕಡೆ ಮಾತು ಹೇಗೆ ಹೋದೀತು? ಊರಿನ ಹಿರಿಯರಿಗೆಲ್ಲ ಹೊಳೆಯದ್ದು ನನಗೆ ಹೊಳೆಯಿತು ಅಂತ ಮೀಸೆ ತಿರುವಿಕೊಂಡೆ.

ಅಕ್ಕ ಸಂತೆಗೆ ಹೋದ ಒಂದು ಮಧ್ಯಾಹ್ನ ಎಲ್ಲವನ್ನೂ ಪುಡಿ ಹಾಕಿ ತೊಳೆದೆ. ಕೂದಲೆಳೆಯಷ್ಟು ಕೊಳೆ ಉಳಿದರೂ ಬಿಯರ್ ಕೆಡುತ್ತದೆ ಅಂತ ಕೈಪಿಡಿ ಹೆದರಿಸಿತ್ತು. ಕೊಳೆ ಅಂದರೆ ಬರೀ ಕಣ್ಣಿಗೆ ಕಾಣುವುದು ಅಂತ ತಿಳಿದಿದ್ದೆ. ಕುದಿಯುವ ನೀರಿಗೆ ಒಂದು ಡಬ್ಬಿ ಪಾಕ ಸುರಿದು, ಸಕ್ಕರೆ ಹಾಕಿ, ಮರದ ಕೋಲಿನಲ್ಲಿ ಕದಡಿ, ತಣ್ಣೀರು ಬೆರೆಸಿ ಇಪ್ಪತ್ತು ಲೀಟರಿನ ಗೆರೆ ಮುಟ್ಟಿಸಿದೆ. ಆರಿದ ಮೇಲೆ ಯೀಸ್ಟು ಉದುರಿಸಿ ಮುಚ್ಚಳ ಒತ್ತಿದೆ. ಕತ್ತಲಿರುವ, ಹದವಾಗಿ ಬೆಚ್ಚಗಿರುವ ಜಾಗದಲ್ಲಿ ಇಡಬೇಕು ಅಂತಿತ್ತು. ಕತ್ತಲೆಗೆ ನನ್ನ ಡಾರ್ಕ್‌ರೂಮಿಗಿಂತ ಒಳ್ಳೆಯ ಜಾಗ ಯಾವುದು? ಮಾರನೆಯ ದಿನವೇ ಕೊಳವೆ ಗುಳುಕ್ ಗುಳುಕ್ ಅನ್ನತೊಡಗಿತು. ಅಕ್ಕ ಬಾಗಿಲಿಗೆ ಬಂದು ಮೂಗರಳಿಸಿದಳು.

“ಅದೇನೋ ಭುಜಂಗ, ಬಕೆಟ್ಟು?”

“ಹೊಸ ಔಷಧಿ ಅಕ್ಕಾ. ಫೋಟೋ ತೊಳೆಯೋದು. ಮುಟ್ಟಬೇಡ, ಕೈ ಸುಟ್ಟುಹೋಗುತ್ತೆ.”

“ಹುಳಿ ವಾಸನೆ ಬರ್ತಿದೆಯಲ್ಲೋ.”

“ಔಷಧಿ ಮತ್ತೆ ಮಲ್ಲಿಗೆ ವಾಸನೆ ಬರುತ್ತಾ?”

ಅವಳು ಸ್ವಲ್ಪ ಹೊತ್ತು ಗುಳುಕ್ ಸದ್ದು ಕೇಳುತ್ತಾ ನಿಂತಳು. “ಯಾವುದಕ್ಕೂ ಬಾಗಿಲಿಗೆ ಒಂದು ಸೌಟು ಹಾಕ್ಲೇನೋ?”

“ಔಷಧಿಗೆ ಯಾರಾದ್ರೂ ಸೌಟು ಹಾಕ್ತಾರಾ? ಊರವರು ನಗ್ತಾರೆ, ಹೋಗು.”

ಹೋದಳು. ಅವಳು ಕೇಳಿದ್ದಳು, ನಾನು ಬೇಡ ಅಂದಿದ್ದೆ. ಇದನ್ನು ಇಲ್ಲೇ ಬರೆದಿಟ್ಟುಬಿಡುತ್ತೇನೆ.

ಫೋಟೋಗ್ರಾಫರನ ಬಾಯಿ ಎರಡು ಬಗೆಯದು. ದೀಪದ ಮುಂದೆ ಕೂತವರಿಗೆ ಒಂದು, ಕತ್ತಲೆ ಕೋಣೆಗೆ ಇನ್ನೊಂದು. ಅಕ್ಕಿ ಗಿರಣಿಯ ನಂಜುಂಡಪ್ಪ ಬಂದು ಕೂತರೆ, “ಆಹಾ ಸಾಹುಕಾರ್ರೇ, ಗಲ್ಲ ಸ್ವಲ್ಪ ಮೇಲೆ, ರಾಜಕಳೆ ಅಂದ್ರೆ ಇದು” ಅನ್ನುತ್ತಿದ್ದೆ. ಒಳಗೆ ಹೋಗಿ ಅವರ ಮುಖ ದ್ರಾವಣದಲ್ಲಿ ಮೇಲೆದ್ದು ಬರುವಾಗ, “ಇದೇನು ಮೂಗೋ, ಮನೆಗೆ ಕಟ್ಟಿದ ಪೋರ್ಟಿಕೋನೋ” ಅನ್ನುತ್ತಿದ್ದೆ. ಯಾರಿಗೂ ಅಲ್ಲ, ನನಗೇ. ಹೆಡ್‌ಮೇಡಂ ಹಲ್ಲು, ಅಂಚೆಯಣ್ಣನ ಬೋಳು, ಹೊಸ ದಂಪತಿಗಳಲ್ಲಿ ಯಾರು ಯಾರಿಗೆ ಮೋಸ ಹೋಗಿದ್ದಾರೆ ಅನ್ನುವ ತೀರ್ಮಾನ, ಎಲ್ಲ ಆ ಕೆಂಪು ದೀಪದ ಕೆಳಗೆ. ಇಪ್ಪತ್ತು ವರ್ಷದ ಚಾಳಿ. ಪಕ್ಕದಲ್ಲಿ ಒಂದು ಬಕೆಟ್ಟು ಗುಳುಕ್ ಅಂದಿದ್ದಕ್ಕೆ ಬಿಡುತ್ತದೆಯೇ? ಅದು ಹೂಂ ಹೂಂ ಅಂತ ತಲೆಯಾಡಿಸಿದಂತೆ ಕೇಳಿ ನನ್ನ ಹುರುಪು ಇನ್ನಷ್ಟು ಏರುತ್ತಿತ್ತು.

ಬಕೆಟ್ಟಿಟ್ಟ ಒಂಬತ್ತನೆಯ ದಿನ ಹಾರ್ಮೋನಿಯಂ ರಿಪೇರಿ ಮಾಡುವ ಗಿರಿಯಪ್ಪ ಸ್ಟುಡಿಯೋಕ್ಕೆ ಬಂದ. ಐವತ್ತರ ಆಸುಪಾಸು, ಹೆಂಡತಿ ತೀರಿ ಆರು ವರ್ಷ. ದಿನವೂ ಅಕ್ಕನ ಜಗಲಿಯಲ್ಲಿ ಎರಡು ದೋಸೆ ತಿಂದು ಮಾತಿಲ್ಲದೆ ಎದ್ದು ಹೋಗುವವನು. ಬಂದವನು ಸ್ಟೂಲಿನ ಮೇಲೆ ಕೂತು ಟೋಪಿಯನ್ನು ಮೂರು ಸಲ ತಿರುಗಿಸಿದ.

“ಫೋಟೋ ತೆಗೆಯೋಕೆ ಟೋಪಿ ಬೇಡ ಗಿರಿಯಪ್ಪನೋರೆ.”

“ಫೋಟೋಕ್ಕಲ್ಲ ಭುಜಂಗಪ್ಪ. ದಿನವೆಲ್ಲ ಅಪಸ್ವರ ಕೇಳೋ ಕೆಲಸ ನಂದು. ಕಿವಿ ನೋಯ್ತಿರುತ್ತೆ. ನಿಮ್ಮಕ್ಕನ ಜಗಲೀಲಿ ಕೂತ್ರೆ ತಂಪಾಗುತ್ತೆ.” ಇನ್ನೊಮ್ಮೆ ಟೋಪಿ ತಿರುಗಿಸಿದ. “ಅವರನ್ನ ಕೇಳ್ದೆ. ತಮ್ಮನ್ನ ಕೇಳಿ ಅಂದ್ರು. ಅವರಿಗೆ ಒಪ್ಪಿಗೆ ಇದ್ದಂಗಿತ್ತು.”

“ಅಯ್ಯೋ ಭಾವಾ!” ಅಂತ ಎದ್ದು ತಬ್ಬಿಕೊಂಡೆ. ನನ್ನಷ್ಟು ಬೇಗ ಭಾವ ಅಂದವನು ಈ ಭೂಮಿಯ ಮೇಲೆ ಇನ್ನೊಬ್ಬನಿಲ್ಲ. ಅವನನ್ನು ಸಾಕಿದ ಸೋದರತ್ತೆ ಪುಟ್ಟತಾಯಮ್ಮ ದೂರದಲ್ಲಿದ್ದರು. ಅವರಿಗೆ ಮೊದಲು ಹೆಣ್ಣಿನ ಫೋಟೋ ಕಳಿಸಬೇಕು, ಒಪ್ಪಿದರೆ ಹಿಟ್ಟು ಕೇಳಲು ಬರುತ್ತಾರೆ ಅಂದ. “ನಾನೇ ತೆಗೀತೀನಿ. ಅಪ್ಸರೆ ಥರ ಕಾಣಬೇಕು ನಮ್ಮಕ್ಕ” ಅಂದೆ.

ಅಕ್ಕ ಎರಡು ದಿನ ಬಿಟ್ಟು ಸ್ಟುಡಿಯೋಕ್ಕೆ ಬಂದಳು, ಬೀದಿ ಬಾಗಿಲಿನಿಂದ, ಗಿರಾಕಿಯಂತೆ. ಅಮ್ಮನ ಕಂದು ಸೀರೆ ಉಟ್ಟಿದ್ದಳು. ಇಷ್ಟು ವರ್ಷದಲ್ಲಿ ಊರೆಲ್ಲರ ಫೋಟೋ ತೆಗೆದ ನಾನು ಅವಳದೊಂದು ತೆಗೆದಿರಲಿಲ್ಲ. “ಎಲ್ಲಿ ನೋಡಬೇಕೋ?” ಅಂದಳು. ನಕ್ಕಳು. ಆ ನಗು ಚೆನ್ನಾಗಿ ಬಂತು. ನಾನು ತೆಗೆದದ್ದರಲ್ಲೆಲ್ಲ ಅತ್ಯುತ್ತಮ ಫೋಟೋ ಅದು. ಇದು ಉಬ್ಬಿಸಿದ್ದಲ್ಲ.

ಇಲ್ಲಿಂದ ಮುಂದೆ ಉಬ್ಬಿಸುವುದಕ್ಕೆ ಏನೂ ಇಲ್ಲ. ನಂಜುಂಡಪ್ಪನ ಹಣೆಯ ಸುಕ್ಕು ಅಳಿಸುವ ಸಣ್ಣ ಕುಂಚವೊಂದು ನನ್ನ ಹತ್ತಿರ ಇದೆ. ಅದೇ ಕುಂಚವನ್ನು ಅದ್ದಿ, ಅಕ್ಕನ ಬಾಯಿಯ ಎರಡೂ ಬದಿಗೆ ಒಂದೊಂದು ಗೆರೆ ಎಳೆದೆ. ಕಣ್ಣಿನ ಕೆಳಗೆ ನೆರಳು ತುಂಬಿದೆ. ಒಣಗುವವರೆಗೆ ನೋಡಿದೆ. ಸಾಲದು ಅನ್ನಿಸಿ ಕತ್ತಿನ ಹತ್ತಿರ ಇನ್ನೊಂದು ಗೆರೆ ಎಳೆದೆ. ಎಳೆಯುತ್ತಾ ಏನೋ ಮಾತಾಡಿಕೊಂಡೆ. ಆಗಲೇ ಬಾಗಿಲಾಚೆಯಿಂದ ಅಕ್ಕ ಕೂಗಿದಳು. “ಬಂದೆ” ಅಂದು ಹೋಗಿ ಹೊಟ್ಟೆ ತುಂಬ ಉಂಡೆ. ಸಂಜೆ ಆ ಫೋಟೋವನ್ನು ಲಕೋಟೆಗೆ ಹಾಕಿ ಅಂಚೆಗೆ ಕೊಟ್ಟೆ.

ಹದಿನಾಲ್ಕನೆಯ ದಿನ ಗುಳುಕ್ ನಿಂತಿತು. ಮೂವತ್ತು ಬಾಟಲಿ ತೊಳೆದು ಸಾಲಾಗಿ ಇಟ್ಟೆ. ಒಂದೊಂದಕ್ಕೂ ಒಂದು ಚಮಚ ಸಕ್ಕರೆ ಹಾಕಿ ಅಂತ ಕೈಪಿಡಿ ಹೇಳಿತ್ತು. ಭುಜಂಗನ ಬಿಯರು ಊರಿಗೆಲ್ಲ ಕೇಳುವಂತೆ ಉಕ್ಕಬೇಕು ಅಂತ ನಾನು ಎರಡೆರಡು ಹಾಕಿದೆ. ಕೊಳವೆಯ ತುದಿ ಬಾಯಲ್ಲಿಟ್ಟು ಎಳೆದು, ಬೆರಳು ಒತ್ತಿ, ಬಾಟಲಿಗೆ ಬಿಟ್ಟೆ. ಒಂದು ಗುಟುಕು ಗಂಟಲಿಗೂ ಹೋಯಿತು. ಸಪ್ಪೆ, ಮೇಲೆ ಒಂದು ಕಹಿ. ನೊರೆ ಇರಲಿಲ್ಲವಾದ್ದರಿಂದ ಮಾತೂ ಇರಲಿಲ್ಲ. ನೋಡಿದೆಯಾ, ಕೊಳವೆ ಗೆದ್ದಿತು ಅಂದುಕೊಂಡು ಮುಚ್ಚಳಗಳನ್ನು ಕಟಕಟ ಒತ್ತಿದೆ. ಇನ್ನೆರಡು ವಾರ ಬಾಟಲಿಯಲ್ಲಿ ಕೂರಬೇಕಿತ್ತು.

ಅಷ್ಟರಲ್ಲಿ ಪುಟ್ಟತಾಯಮ್ಮನ ಕಾಗದ ಬಂತು. ಗಿರಿಯಪ್ಪ ಓಡಿಬಂದು ಓದಿ ಹೇಳಿದ. ‘ಇಷ್ಟು ವರ್ಷಕ್ಕೆ ಸುಳ್ಳು ಹೇಳದ ಫೋಟೋ ಒಂದು ನೋಡಿದೆ. ಮುಖದಲ್ಲಿ ಗೆರೆ ಇರುವ ಹೆಣ್ಣು ಮನೆ ನಡೆಸಿಯೇ ಇರುತ್ತಾಳೆ. ಬರುವ ಭಾನುವಾರದ ಆಚಿನ ಭಾನುವಾರ ಹಿಟ್ಟು ಕೇಳಲು ಬರುತ್ತೇನೆ.’ ನಾನು ಬಾಯ್ತುಂಬ ನಕ್ಕೆ. ಅವನು ಹೋದ ಮೇಲೆ ಆ ಸಣ್ಣ ಕುಂಚವನ್ನು ಡಬ್ಬಿಗಳ ಹಿಂದೆ ತಳ್ಳಿಟ್ಟೆ.

ಆ ಭಾನುವಾರಕ್ಕೆ ನಾಲ್ಕು ದಿನ ಮೊದಲು ನಾನು ಹೊರಗಿನಿಂದ ಬಂದಾಗ ಅಕ್ಕ ಜಗಲಿಯಲ್ಲಿ ನಿಂತಿದ್ದಳು.

“ನಿನ್ನ ಕೋಣೇಲಿ ಎರಡು ಸಲ ಢಂ ಅಂತು ಕಣೋ. ಆಮೇಲೆ ಯಾರೋ ನಿನ್ನ ದನೀಲಿ ನಂಜುಂಡಪ್ಪನ ಮೂಗನ್ನ ಬೈದಂಗಾಯ್ತು.”

“ರೇಡಿಯೋ ಇರಬೇಕು.”

“ನಮ್ಮನೇಲಿ ರೇಡಿಯೋ ಎಲ್ಲಿದೆಯೋ?”

“ಪಕ್ಕದ ಮನೇದು.”

“ರೇಡಿಯೋದೋರಿಗೆ ನಂಜುಂಡಪ್ಪನ ಮೂಗು ಹೇಗೆ ಗೊತ್ತು?” ಅಂದಳು. ನಾನು ಒಳಗೆ ಹೋಗಿ ಒಡೆದ ಎರಡು ಬಾಟಲಿಯ ಚೂರು ಗುಡಿಸಿದೆ. ಆಗಲಾದರೂ ಉಳಿದವನ್ನು ಹೊಲಕ್ಕೆ ಹೊತ್ತು ಸುರಿಯಬಹುದಿತ್ತು. ಆದರೆ ಇಪ್ಪತ್ತೆಂಟು ಬಾಟಲಿ, ಕಿಟಕಿಯ ಬೆಳಕಿಗೆ ಹಿಡಿದರೆ ಜೇನಿನ ಬಣ್ಣ. ಊರಿನ ಮೊದಲ ಬಿಯರು. ಅಕ್ಕನಿಗೆ ಕೇಳಿಸಿದ್ದು ಭ್ರಮೆ ಅಂತ ನಾನೇ ನಂಬಿದೆ. ನನ್ನ ಮಾತನ್ನು ಎಲ್ಲರಿಗಿಂತ ಬೇಗ ನಂಬುವವನು ನಾನೇ.

ಭಾನುವಾರ ಪುಟ್ಟತಾಯಮ್ಮ ಬಂದರು. ಒಣಗಿದ ಶುಂಠಿಯಂಥ ಮುದುಕಿ, ಕಿವಿ ಮಾತ್ರ ಮೊಲದ್ದು. ಗಿರಿಯಪ್ಪ ಅವರ ಪಕ್ಕ ಚಾಪೆಯಲ್ಲಿ ಕೂತ. ಸಾಕ್ಷಿಗೆ ಊರ ಕಡೆಯಿಂದ ಒಬ್ಬರಿರಬೇಕು ಅಂತ ನಂಜುಂಡಪ್ಪನವರನ್ನು ನಾನೇ ಕರೆದಿದ್ದೆ. ಅಕ್ಕ ಕಾವಲಿ ಒಲೆಗಿಟ್ಟಳು. ಎಲ್ಲರೂ ಉಸಿರು ಹಿಡಿದರು. ಹಿಟ್ಟು ಬಿತ್ತು. ಚುಂಯ್. ಅಷ್ಟೇ. ಇನ್ನೊಂದು ದೋಸೆ. ಚುಂಯ್. ಪುಟ್ಟತಾಯಮ್ಮ ಕತ್ತು ಓರೆ ಮಾಡಿ ಕೇಳಿ, “ಮೂಕ. ಪೂರ್ತಿ ಮೂಕ” ಅಂದರು. “ಒಂದು ಕೆಟ್ಟ ಮಾತಿಲ್ಲ. ಒಳ್ಳೇದೂ ಇಲ್ಲ. ಈ ಹುಡುಗಿ ಮನಸ್ಸಲ್ಲಿ ಏನಿದೆ ಅಂತ ಹೇಗೆ ತಿಳಿಯೋದಪ್ಪ ಗಿರಿ?”

ಅಲ್ಲಿಗೆ ಸುಮ್ಮನಿದ್ದರೂ ಆಗುತ್ತಿತ್ತು. “ಒಂದು ನಿಮಿಷ ಅಮ್ಮಾ” ಅಂತ ಎದ್ದು ಹೋಗಿ ನಾಲ್ಕು ಬಾಟಲಿ ಕಂಕುಳಲ್ಲಿ ಇರುಕಿಕೊಂಡು ಬಂದೆ. “ಇಡೀ ದೇಶದಲ್ಲಿ ಇಂಥ ಪಾನೀಯ ಇಲ್ಲ. ಇದೇ ಕೈಯಿಂದ ಮಾಡಿದ್ದು. ಮೊದಲ ಗುಟುಕು ಬೀಗರಿಗೆ” ಅಂದು ಮುಚ್ಚಳ ಎಬ್ಬಿಸಿದೆ.

ನೊರೆ ಸೂರಿನವರೆಗೂ ಹಾರಿತು. ಹಿಂದೆಯೇ ನನ್ನ ದನಿ, ನನಗಿಂತ ಜೋರಾಗಿ: “ಇದೇನು ಮೂಗೋ, ಮನೆಗೆ ಕಟ್ಟಿದ ಪೋರ್ಟಿಕೋನೋ! ಎರಡು ಫಿಲ್ಮು ಬೇಕು ಈ ಗಿರಣಿಯವನಿಗೆ, ಒಂದು ಮುಖಕ್ಕೆ, ಒಂದು ಮೂಗಿಗೆ.”

ನಂಜುಂಡಪ್ಪನವರ ಕೈ ತಾನಾಗಿ ಮೂಗಿಗೆ ಹೋಯಿತು. ನಾನು ಬಾಟಲಿಯ ಬಾಯಿಗೆ ಹೆಬ್ಬೆರಳು ಒತ್ತಿದೆ. ಬೆರಳಿನ ಸಂದಿಯಿಂದಲೂ ನನ್ನ ದನಿ ಚಿಮ್ಮುತ್ತಲೇ ಇತ್ತು. ಪುಟ್ಟತಾಯಮ್ಮ ಹೋ ಅಂತ ನಕ್ಕರು. “ಇದು ಮಾತಾಡೋ ಮನೇನೇ! ಇನ್ನೊಂದು ತೆಗಿ” ಅಂದರು. “ಬೇಡ ಅಮ್ಮಾ, ಕೆಟ್ಟುಹೋಗಿದೆ” ಅನ್ನುವಷ್ಟರಲ್ಲಿ ಮುದುಕಿ ಎರಡನೆಯದನ್ನು ತಾವೇ ತೆಗೆದಿದ್ದರು.

“ನಲವತ್ತಾರಕ್ಕೆ ಮದುವೆ ಬೇಕಂತೆ ಇವಳಿಗೆ. ಇವಳು ಹೋದ್ರೆ ನನಗೆ ಬೇಯಿಸಿ ಹಾಕೋರು ಯಾರು? ಇರಲಿ, ಇಲ್ಲೊಂದು ಗೆರೆ, ಇಲ್ಲೊಂದು. ಇನ್ನೂ ಸ್ವಲ್ಪ ಮುದುಕಿ ಆಗಮ್ಮ. ಹಾಂ. ಈ ಮುಖ ನೋಡಿ ಯಾರು ಬರ್ತಾರೋ ಬರಲಿ.”

ನೊರೆ ಇಳಿಯಿತು. ಒಲೆಯ ಮೇಲಿನ ದೋಸೆ ಕರಕಲಾಗಿ ಹೊಗೆ ಬರುತ್ತಿತ್ತು. ಯಾರೂ ಅದನ್ನು ಮಗುಚಲಿಲ್ಲ.

ಪುಟ್ಟತಾಯಮ್ಮ ಎದ್ದು ಸೆರಗು ಕೊಡವಿದರು. “ನಡಿಯೋ ಗಿರಿ. ಇಂಥ ಮಾತು ಹುಳಿಗೆ ಬಿಟ್ಟ ಮನೆಯಿಂದ ಹೆಣ್ಣು ತರೋದು ನಮ್ಮಲ್ಲಿಲ್ಲ.” ಅದು ಊರಿನ ಕಟ್ಟಳೆಯೂ ಹೌದು. ಹಿಟ್ಟು ಆಡಿದ್ದು ಮನೆಗೆಲ್ಲ ಸೇರಿದ್ದು. ಒಬ್ಬನದು, ಒಬ್ಬಳದು ಅಂತ ಇಲ್ಲ.

ಗಿರಿಯಪ್ಪ ಏಳಲೂ ಇಲ್ಲ, ಕೂರಲೂ ಇಲ್ಲ. ಅಕ್ಕ ಒಲೆಯ ಉರಿ ತಗ್ಗಿಸಿ ನನ್ನ ಕಡೆ ತಿರುಗಿದಳು.

“ಇನ್ನೂ ಎಷ್ಟಿವೆಯೋ?”

“ಬೇಡ ಅಕ್ಕಾ.”

“ಎಷ್ಟಿವೆ ಅಂದೆ.”

“ಇಪ್ಪತ್ತಾರು.”

“ತಗೊಂಡು ಬಾ. ಎಲ್ಲ.”

ತಂದೆ. ಆರು ಸಲ ಹೋಗಿ ಬಂದೆ. ಅವಳು ನೆಲದ ಮೇಲೆ ಕೂತು ಒಂದೊಂದನ್ನೇ ತೆಗೆದು ಕಿವಿಯ ಹತ್ತಿರ ಹಿಡಿದಳು. ಹೆಡ್‌ಮೇಡಂ ಹಲ್ಲು ಬಂತು, ಅಂಚೆಯಣ್ಣನ ಬೋಳು ಬಂತು, ನಂಜುಂಡಪ್ಪ ಇನ್ನೂ ಮೂರು ಸಲ ಬಂದರು. ಅವಳಂತೂ ಮತ್ತೆ ಮತ್ತೆ ಬಂದಳು. “ದೋಸೆಗೆ ನಾಲಿಗೆ ಇಲ್ಲ, ಇವಳಿಗೂ ಇಲ್ಲ” ಅಂತ ಒಂದರಲ್ಲಿ. “ಸಾರು ಇವತ್ತು ನೀರು ನೀರು” ಅಂತ ಇನ್ನೊಂದರಲ್ಲಿ. ಅವಳು ಯಾಕೆ ತೆಗೆಯುತ್ತಿದ್ದಾಳೆ ಅಂತ ಹತ್ತನೆಯ ಬಾಟಲಿಯ ಹೊತ್ತಿಗೆ ನನಗೆ ತಿಳಿಯಿತು. ತಿಳಿದ ಮೇಲೆ ನಾನೂ ಅವಳ ಜೊತೆ ಕಾಯತೊಡಗಿದೆ. ಹದಿನಾಲ್ಕು ದಿನ ಬಾಯಿಗೆ ಬಿಡುವಿಲ್ಲದೆ ಮಾತಾಡಿದ್ದೇನೆ, ಅವಳ ಬಗ್ಗೆ ಎಲ್ಲೋ ಒಂದು ಒಳ್ಳೆಯ ಮಾತು ಇದ್ದೇ ಇರುತ್ತದೆ. ಹದಿನೈದು. ಇಪ್ಪತ್ತು. ಇಪ್ಪತ್ತೈದರಲ್ಲಿ ನಾನು ನನ್ನನ್ನೇ ಹೊಗಳಿಕೊಂಡಿದ್ದೆ. ಇಪ್ಪತ್ತೆಂಟನೆಯದರ ನೊರೆ ಅವಳ ಮಣಿಕಟ್ಟಿನ ಮೇಲೆ ಇಳಿದು ಬಳೆ ತೋಯಿಸಿತು. ಅದರಲ್ಲೂ ಇರಲಿಲ್ಲ.

“ಒಂದಾದ್ರೂ ಇರುತ್ತೆ ಅಂದ್ಕೊಂಡಿದ್ದೆ ಕಣೋ” ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಪುಟ್ಟತಾಯಮ್ಮ ಹೊಸ್ತಿಲಲ್ಲೇ ನಿಂತಿದ್ದರು. ಹೊರಡುವೆ ಅಂದವರು ಇಪ್ಪತ್ತಾರು ಬಾಟಲಿ ಮುಗಿಯುವವರೆಗೂ ಆ ಮೊಲದ ಕಿವಿ ಇತ್ತಲೇ ಇಟ್ಟು ನಿಂತಿದ್ದರು. ಗಿರಿಯಪ್ಪ ಮೆಲ್ಲಗೆ ಅಂದ, “ಅತ್ತೆ, ಇವನ ಅಪಸ್ವರದ ಹಿಂದೆ ಇನ್ನೊಂದು ದನಿ ಇತ್ತಲ್ಲ, ಕೇಳಿಸ್ತಾ?”

“ಕೇಳಿಸ್ತು.”

“ಪ್ರತಿಯೊಂದರಲ್ಲೂ ಇತ್ತು.”

“ಕಿವುಡಿ ಅಂದ್ಕೊಂಡ್ಯೇನೋ ನನ್ನ? ಎಣಿಸ್ತಾ ಇದ್ದೆ.” ಮುದುಕಿ ಒಳಗೆ ಬಂದು ಅಕ್ಕನ ಎದುರು ಕೂತರು.

ನನಗೆ ಕೇಳಿಸಿರಲಿಲ್ಲ. ನನ್ನ ದನಿ ಇರುವ ಕಡೆ ನನಗೆ ಬೇರೆ ದನಿ ಕೇಳಿಸುವುದಿಲ್ಲ. ಗಿರಿಯಪ್ಪ ಖಾಲಿ ಬಾಟಲಿಯೊಂದನ್ನು ಎತ್ತಿ ತಳದ ಗಷ್ಟು ಅಲುಗಾಡಿಸಿದ. ಇನ್ನೂ ಒಡೆಯದೆ ಉಳಿದಿದ್ದ ಚೂರು ನೊರೆ ಎದ್ದಿತು. ದೂರದಿಂದ, ಬಾಗಿಲಾಚೆಯಿಂದ ಬಂದಂತೆ, ಅಕ್ಕನ ದನಿ: “ಭುಜಂಗಾ, ಊಟ ಆರ್ತಿದೆ, ಬಾರೋ.” ಇನ್ನೊಂದನ್ನು ಅಲುಗಾಡಿಸಿದ. “ಭುಜಂಗಾ, ಹಪ್ಪಳ ಕರಿದಿದೀನಿ, ಮೆತ್ತಗಾಗುತ್ತೆ, ಬಾರೋ.” ಮತ್ತೊಂದು. “ಬಾರೋ, ಕಣ್ಣು ಕೆಡುತ್ತೆ ಆ ಕತ್ತಲೇಲಿ.” ಸೌಟಿಲ್ಲದ ಬಾಗಿಲು ಅಂತ ನಂಬಿ, ದಿನಕ್ಕೆರಡು ಹೊತ್ತು, ಹದಿನಾಲ್ಕು ದಿನ, ಅವಳು ದನಿ ಎತ್ತಿ ಆಡಿದ ಮಾತು ಅದೊಂದೇ. ಲೆಕ್ಕ ಹಾಕಿ ನೋಡಿ. ಇಪ್ಪತ್ತೆಂಟು.

“ಮನಸ್ಸಲ್ಲಿ ಏನಿದೆ ಅಂತ ಕೇಳಿದ್ನಲ್ಲ” ಅಂದರು ಪುಟ್ಟತಾಯಮ್ಮ. ಅಕ್ಕನ ಒದ್ದೆ ಕೈ ಹಿಡಿದುಕೊಂಡರು. “ಎದ್ದೇಳಮ್ಮ. ಆ ದೋಸೆ ಕರಕಲಾಯ್ತು, ಬೇರೆ ಹುಯ್ಯಿ. ಇವನಿಗೆ ಬೇಡ.”

ಮದುವೆ ಆಯಿತು. ನಾನೇ ಫೋಟೋ ತೆಗೆದೆ, ಕುಂಚ ಮುಟ್ಟದೆ. ನಂಜುಂಡಪ್ಪ ಇವತ್ತಿಗೂ ನನ್ನ ಎದುರು ಬಂದರೆ ಮೂಗಿಗೆ ಟವೆಲು ಅಡ್ಡ ಹಿಡಿಯುತ್ತಾರೆ. ಊರಿನ ಮಕ್ಕಳು ಸ್ಟುಡಿಯೋ ಮುಂದೆ ಹಾಯುವಾಗ ಗುಳುಕ್ ಗುಳುಕ್ ಅನ್ನುತ್ತವೆ. ಅಕ್ಕನ ಕಾವಲಿ ಗಿರಿಯಪ್ಪನ ಮನೆಯ ಜಗಲಿಗೆ ಹೋಯಿತು. ಒಂಬತ್ತು ವರ್ಷದ ಹುಡುಗನಾಗಿದ್ದಾಗ ಬಿಟ್ಟರೆ ಅಡಿಗೆಮನೆಯನ್ನು ನಾನು ಸರಿಯಾಗಿ ನೋಡಿರಲಿಲ್ಲ. ಉಪ್ಪಿನ ಡಬ್ಬಿ ಹುಡುಕಲು ಮೂರು ದಿನ ಬೇಕಾಯಿತು. ಮೂರು ದಿನವೇ.

ಪೆಟ್ಟಿಗೆಯಲ್ಲಿ ಎರಡನೆಯ ಡಬ್ಬಿ ಉಳಿದಿತ್ತಲ್ಲ. ಎರಡು ತಿಂಗಳು ಅದನ್ನು ನೋಡಿಕೊಂಡಿದ್ದು, ಒಂದು ದಿನ ಮತ್ತೆ ಬಕೆಟ್ಟು ತೊಳೆದೆ. ಅಕ್ಕನ ಬಗ್ಗೆ ಒಳ್ಳೆಯದು ಹೇಳಿ ಅದರಲ್ಲಿ ತುಂಬಿಸೋಣ ಅನ್ನಿಸಿತ್ತು. ಕೇಳಲಿ ಅಂತ ಆಡಿದ್ದು ನಿಲ್ಲುವುದಿಲ್ಲ. ಹಾಗಾಗಿ ಅವಳ ದೋಸೆಯಂತೆ ಒಂದು ಮೂಕ ಬಿಯರು ಮಾಡಿ ಕೊಡುವುದು ಅಂತ ಹಟ ಹಿಡಿದೆ. ಬಾಗಿಲಿಗೆ ಸೌಟು ತೂಗುಹಾಕಿದೆ. ಹದಿನಾಲ್ಕು ದಿನ ಬಾಯಿ ಬಿಡಲಿಲ್ಲ. ಗಿರಾಕಿಗಳಿಗೆ ‘ಗಲ್ಲ ಮೇಲೆ’ ಅಂತ ಸ್ಲೇಟಿನಲ್ಲಿ ಬರೆದು ತೋರಿಸಿದೆ. ಊರಿನಲ್ಲಿ ಅರ್ಧ ಜನ ನಾನು ಸತ್ತೆ ಅಂದುಕೊಂಡರು, ಇನ್ನರ್ಧ ಜನ ತಿಥಿ ಊಟಕ್ಕೆ ಹಸಿದು ಕೂತರು. ಬಾಟಲಿಗೆ ಒಂದೇ ಚಮಚ ಸಕ್ಕರೆ ಹಾಕಿದೆ.

ಇನ್ನೆರಡು ವಾರ ಕಾದು, ಒಂದೇ ಬಾಟಲಿ ಹಿಡಿದು ಒಂದು ಮಧ್ಯಾಹ್ನ ಅವಳ ಮನೆಗೆ ಹೋದೆ. ಗಿರಿಯಪ್ಪ ಹಾರ್ಮೋನಿಯಂ ಒಂದರ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. ಅಕ್ಕ ಬಾಟಲಿಯನ್ನು ನೋಡಿದಳು, ಮುಟ್ಟಲಿಲ್ಲ.

“ಇದರಲ್ಲಿ ಏನಿದೆಯೋ?”

“ಏನೂ ಇಲ್ಲ ಅಕ್ಕಾ. ಆಣೆ. ಇದು ಮೂಕ.”

ಅವಳು ತಾನೇ ಮುಚ್ಚಳ ಎಬ್ಬಿಸಿದಳು. ಚುಸ್ ಅಂತು. ಹದವಾದ ನೊರೆ, ಬಾಯಿಯವರೆಗೆ ಏರಿ ನಿಂತಿತು. ಒಂದು ಮಾತೂ ಇಲ್ಲ. ನನ್ನ ಎದೆ ಉಬ್ಬಿತು. ನೋಡಿದೆಯಾ, ಇಡೀ ಊರಿನಲ್ಲಿ, ಅಂತ ಶುರು ಮಾಡಲು ಬಾಯಿ ತೆರೆದೆ. ಆಗ ಬಾಟಲಿಯ ತಳದಿಂದ, ಖಾಲಿ ಮನೆಯಲ್ಲಿ ಆಡಿದಂಥ, ಸಣ್ಣಗಿನ ನನ್ನದೇ ದನಿ ಬಂತು:

“ಅಕ್ಕಾ, ಸಾರಿಗೆ ಉಪ್ಪು ಎಷ್ಟು ಹಾಕೋದು?”

ಸ್ವಲ್ಪ ಬಿಟ್ಟು, “ಅಕ್ಕಾ?”

ಆಡಿದ ನೆನಪೇ ನನಗಿರಲಿಲ್ಲ. ಯಾವ ದಿನ, ಯಾವ ಹೊತ್ತು, ಗೊತ್ತಿಲ್ಲ. ಹದಿನಾಲ್ಕು ದಿನ ಬಾಯಿ ಕಟ್ಟಿ ಕೂತವನು ಕೊನೆಗೂ ಕೇಳಿದ್ದು ಊಟವನ್ನೇ. ಗಿರಿಯಪ್ಪ ತಲೆ ಎತ್ತದೆ ಹಾರ್ಮೋನಿಯಮ್ಮಿನ ಸ್ವರಪಟ್ಟಿಯೊಂದನ್ನು ಒರೆಸತೊಡಗಿದ. ಆ ಪೆಟ್ಟಿಗೆಯೊಳಗೆ ಜಾಗವಿದ್ದಿದ್ದರೆ ನಾನು ಹೊಕ್ಕುಬಿಡುತ್ತಿದ್ದೆ.

ಅಕ್ಕ ಬಾಟಲಿಯನ್ನು ಕೆಳಗಿಟ್ಟು, ಕೈಗೆ ಇಳಿದ ನೊರೆಯನ್ನು ಸೆರಗಿನಲ್ಲಿ ಒರೆಸಿಕೊಂಡಳು. ನನ್ನ ಮುಖ ನೋಡಿದಳು.

“ಎಷ್ಟು ಜನಕ್ಕೆ ಸಾರು?”

ಒಂದು ಬೆರಳು ಎತ್ತಿ ತೋರಿಸಿದೆ.

“ಅರ್ಧ ಚಮಚ ಸಾಕು” ಅಂದಳು.